ಬಳ್ಳಾರಿ ರಸ್ತೆಗೆ ತಕ್ಕ ಕರಿ ಸೈಕಲ್: ನಾನು ಮಾಡಿಕೊಂಡ ಓರಾಯ್ಲಿಂಗ್

ಇದು 28 ಇಂಚಿನ, ರಾಡ್ ಬ್ರೇಕಿನ ಕರಿ ಸೈಕಲ್ಲನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಮಾತು. ಕೌಲ್ ಬಜಾರಿನಿಂದ ಕಂಟೋನ್ಮೆಂಟಿಗೆ, ಅಲ್ಲಿಂದ ರಾಯಲ್ ಸರ್ಕಲ್ಲಿಗೆ ದಿನಾ ಓಡುವ ಗಾಡಿ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರಲ್ಲಿ ನಿಂತುಹೋಯಿತು, ಆದರೆ ಅಟ್ಲಾಸ್ ಇರುವವರು ಗಾಬರಿಯಾಗಬೇಕಿಲ್ಲ. ಹೀರೊ, ಹರ್ಕ್ಯುಲಿಸ್, ಅಟ್ಲಾಸ್ ಮೂರರ ಕರಿ ಸೈಕಲ್ಲಿಗೂ ಗುಂಡು (ಬೇರಿಂಗಿನ ಉಕ್ಕಿನ ಗೋಲಿ), ಕಾಟರ್ ಪಿನ್ನು (ಪೆಡಲಿನ ತೋಳನ್ನು, ಅಂದರೆ ಕ್ರ್ಯಾಂಕನ್ನು, ಆ್ಯಕ್ಸಲ್ಲಿಗೆ ಬಿಗಿಯುವ ಪಿನ್ನು), ಬ್ರೇಕ್ ರಬ್ಬರು ಬಹುಪಾಲು ಒಂದೇ. 2006-07ರಿಂದ 8ನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳೂ ಎಷ್ಟೋ ಮನೆಗಳಲ್ಲಿ ಈಗ ದೊಡ್ಡವರ ಕೆಲಸದ ಗಾಡಿಯಾಗಿವೆ. ಅವುಗಳ ಚಕ್ರದ ಅಳತೆ ಬೇರೆ, ಉಳಿದ ಕೆಲಸ ಹೆಚ್ಚುಕಡಿಮೆ ಇದೇ.

ಗೊಂಡೆ, ಮಣಿ, ರೇಡಿಯಂ ಎಲ್ಲ ನನಗೂ ಇಷ್ಟ. ಆದರೆ ಕ್ರ್ಯಾಂಕು ಟಕ್ ಟಕ್ ಅನ್ನುವ ಸೈಕಲ್ಲಿಗೆ ಹೊಸ ಸೀಟ್ ಕವರ್ ಹಾಕಿ ನಿಲ್ಲಿಸುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ದುಡ್ಡು ಮೊದಲು ತಿರುಗುವ ಭಾಗಗಳಿಗೆ ಹೋಗಬೇಕು. ಬಳ್ಳಾರಿಯಲ್ಲಂತೂ ಮುಳ್ಳು, ಧೂಳು, ಬಿಸಿಲು, ಎರೆಮಣ್ಣು ನಾಲ್ಕೂ ಆ ಭಾಗಗಳನ್ನೇ ತಿನ್ನುತ್ತವೆ.

ಟೈರಿನಿಂದ ಶುರು ಮಾಡೋಣ. ಅಂಗಡಿಯಲ್ಲಿ ಬರೀ "26" ಅಥವಾ "28" ಅಂತ ಕೇಳಬೇಡಿ. ಹಳೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಪೂರ್ತಿ ಅಳತೆ ಹೇಳಿ. ಕರಿ ಸೈಕಲ್ಲಿನದು 28×1½, ಅಂದರೆ ಟೈರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ 635 ಮಿ.ಮೀ. 26×1⅜ ಟೈರಿಗೆ ಅದು 590, 26×1.75ಕ್ಕೆ 559. ಹೆಸರು 26 ಆದರೂ ಇವೆರಡು ಒಂದಕ್ಕೊಂದು ಕೂರುವುದಿಲ್ಲ. ದೊಡ್ಡದು ಹಾಕಿದರೆ ಗಾಳಿ ತುಂಬಿದ ಕೂಡಲೇ ಟೈರು ರಿಮ್ಮಿನಿಂದ ಎದ್ದು ಟ್ಯೂಬು ಸಿಡಿಯುತ್ತದೆ.

ಇಲ್ಲಿ ಪಂಚರ್ ಅಂದರೆ ಮುಕ್ಕಾಲು ಪಾಲು ಬಳ್ಳಾರಿ ಜಾಲಿಯ ಮುಳ್ಳು. ರಸ್ತೆ ಪಕ್ಕದ ಜಾಲಿ ಕಡಿದು ಹಾಕಿದ ವಾರದಲ್ಲಿ ಆ ದಾರಿ ಬಿಡುವುದೇ ಒಳ್ಳೆಯದು. ಮುಳ್ಳು ಚುಚ್ಚಿ ಮುರಿದಾಗ ತುದಿ ಟೈರಿನ ರಬ್ಬರಿನಲ್ಲೇ ಉಳಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಬೆರಳಾಡಿಸಿದರೂ ಒಮ್ಮೊಮ್ಮೆ ಸಿಗುವುದಿಲ್ಲ. ಪ್ಯಾಚ್ ಹಾಕಿದ ಮರುದಿನವೇ ಅದೇ ಜಾಗದಲ್ಲಿ ಮತ್ತೆ ಗಾಳಿ ಹೋಗುವುದು ಇದರಿಂದಲೇ. ನಾನು ಒಂದು ಹಿಡಿ ಹತ್ತಿಯನ್ನು ಟೈರಿನ ಒಳಗೆ ಸುತ್ತಲೂ ಸವರುತ್ತೇನೆ. ಮುಳ್ಳಿನ ತುದಿ ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಅದನ್ನು ಒಳಗಿನಿಂದ ಹೊರಕ್ಕೆ ತಳ್ಳಬಾರದು, ಇಕ್ಕಳದಲ್ಲಿ ಹಿಡಿದು ಎಳೆಯಬೇಕು.

ಪ್ಯಾಚ್ ಕಿತ್ತುಬರುವುದಕ್ಕೆ ಒಂದೇ ಕಾರಣ, ಅವಸರ. ಟ್ಯೂಬನ್ನು ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಪ್ಯಾಚಿಗಿಂತ ಅರ್ಧ ಇಂಚು ಅಗಲಕ್ಕೆ ಸೊಲ್ಯೂಷನ್ನನ್ನು ತೆಳ್ಳಗೆ ಹಚ್ಚಿ, 5 ನಿಮಿಷ ಬಿಡಿ. ಮಿಂಚು ಆರಿ, ಬೆರಳಿಗೆ ಅಂಟು ಬರಬಾರದು. ದ್ರಾವಕ ಪೂರ್ತಿ ಹಾರಿದ ಮೇಲೇ ರಬ್ಬರು ರಬ್ಬರಿಗೆ ಹಿಡಿಯುವುದು. ಹಸಿ ಇರುವಾಗಲೇ ಒತ್ತಿದ ಪ್ಯಾಚ್ ಚಳಿಗಾಲದಲ್ಲಿ ಹೇಗೋ ನಿಲ್ಲುತ್ತದೆ, ಏಪ್ರಿಲ್ ಬಿಸಿಲಿಗೆ ಜಾರುತ್ತದೆ. ಟ್ಯೂಬಿನ ಉದ್ದಕ್ಕೂ ಬರುವ ಗೀರು ಪ್ಯಾಚಿನ ಕೆಳಗೆ ಬಂದರೆ ಅದನ್ನೂ ಉಜ್ಜಿ ಸಮ ಮಾಡಬೇಕು, ಇಲ್ಲದಿದ್ದರೆ ಗಾಳಿ ಅದರ ಅಂಚಿನಿಂದಲೇ ನುಸುಳುತ್ತದೆ.

ಮುಳ್ಳಿಗೆ ತಡೆಯಾಗಿ ಹಳೆ ಟ್ಯೂಬನ್ನು ಉದ್ದಕ್ಕೆ ಸೀಳಿ, ವಾಲ್ (ಗಾಳಿ ತುಂಬುವ ಮೂತಿ) ಇರುವ ತುಂಡು ಕತ್ತರಿಸಿ ತೆಗೆದು, ಟೈರಿಗೂ ಹೊಸ ಟ್ಯೂಬಿಗೂ ನಡುವೆ ಹಾಸುತ್ತೇನೆ. ತುದಿಗಳು 2 ಇಂಚು ಒಂದರ ಮೇಲೊಂದು ಬರಬೇಕು. ನಡುವೆ ಟಾಲ್ಕಂ ಪೌಡರ್ ಉದುರಿಸದಿದ್ದರೆ ಹಾಸಿನ ಅಂಚೇ ತಿಕ್ಕಿ ತಿಕ್ಕಿ ಟ್ಯೂಬು ತೂತಾಗುತ್ತದೆ. ಚಕ್ರ ಸ್ವಲ್ಪ ಭಾರವಾಗುತ್ತದೆ, ಆಗಲಿ. ಟೈರಿನ ಪಕ್ಕ ಸೀಳಿದ್ದರೆ ಬಳ್ಳಾರಿಯವರಿಗೆ ಮದ್ದು ಮನೆ ಬಾಗಿಲಲ್ಲೇ ಇದೆ: ಜೀನ್ಸ್ ಹೊಲಿಯುವಲ್ಲಿ ಉಳಿಯುವ ಕಟಿಂಗ್ ತುಂಡು. ದಪ್ಪ ಡೆನಿಮ್ಮನ್ನು 2×3 ಇಂಚು ಕತ್ತರಿಸಿ, ಸೊಲ್ಯೂಷನ್ ಹಚ್ಚಿ ಒಳಗಿನಿಂದ ಅಂಟಿಸಿದರೆ ಹೊಸ ಟೈರು ತರುವವರೆಗೆ ನಿಲ್ಲುತ್ತದೆ.

ಗಾಳಿ ಹಿಂದೆ 45 ಪೌಂಡ್, ಮುಂದೆ 35ರಿಂದ 40. ಟೈರಿನ ಮೇಲೆ ಬರೆದ ಮಿತಿ ದಾಟುವುದು ಬೇಡ. "ಬಿಸಿಲಿಗೆ ನಿಲ್ಲಿಸಿದರೆ ಗಾಳಿ ಹಿಗ್ಗಿ ಸಿಡಿಯುತ್ತದೆ" ಅನ್ನುವ ಮಾತು ಅರ್ಧ ಸರಿ. 25 ಡಿಗ್ರಿಯ ಬೆಳಗಿನಲ್ಲಿ ತುಂಬಿದ 45 ಪೌಂಡು, ಟೈರು 55 ಡಿಗ್ರಿಗೆ ಕಾದರೂ ಏರುವುದು 6 ಪೌಂಡಿನಷ್ಟು. ಒಳ್ಳೆಯ ಟ್ಯೂಬು ಅಷ್ಟಕ್ಕೆ ಸಿಡಿಯುವುದಿಲ್ಲ. ಸಿಡಿಯುವುದು ಸವೆದ ಟೈರು, ಬಿಡುವುದು ಹಸಿ ಪ್ಯಾಚು, ಇಲ್ಲವೇ ಕೊಳೆತ ವಾಲ್ ಟ್ಯೂಬು. ಆ ಸಣ್ಣ ರಬ್ಬರು ಕೊಳವೆಯನ್ನು ಯುಗಾದಿಗೊಮ್ಮೆ, ದಸರೆಗೊಮ್ಮೆ ಬದಲಿಸಿ. ಪಿನ್ನಿನ ತೂತು ಪೂರ್ತಿ ಮುಚ್ಚಿ ಮೇಲಿನ ಅಂಚಿನವರೆಗೂ ಅದು ಏರಿರಬೇಕು.

ಇನ್ನು ಧೂಳು. ಹೊಸಪೇಟೆ ರಸ್ತೆಯ ಕಡೆ ಓಡಾಡುವ ಸೈಕಲ್ಲಿನ ಚೈನು ಕೆಂಪಗಾಗುವುದು ಬರೀ ತುಕ್ಕಿನಿಂದಲ್ಲ, ಅದಿರಿನ ಪುಡಿಯಿಂದ. ಅದಿರಿನ ಕಬ್ಬಿಣದ ಆಕ್ಸೈಡು ಗಟ್ಟಿ ಪದಾರ್ಥ, ಅದನ್ನೇ ನುಣ್ಣಗೆ ಅರೆದು ಚಿನ್ನದ ಒಡವೆಗೆ ಪಾಲಿಶ್ ಹಾಕುತ್ತಾರೆ. ಎಣ್ಣೆ ಜೊತೆ ಸೇರಿದರೆ ಅದು ಚೈನಿಗೂ ಅದೇ ಕೆಲಸ ಮಾಡುತ್ತದೆ. ಹಾಗಾಗಿ ಚೈನಿನ ಮೇಲೆ ಗ್ರೀಸು ಬಳಿಯಬಾರದು, ಗ್ಯಾರೇಜಿನಿಂದ ತಂದ ಸುಟ್ಟ ಆಯಿಲಂತೂ ಬೇಡವೇ ಬೇಡ, ಅದರಲ್ಲಿ ಆಗಲೇ ಲೋಹದ ಪುಡಿ ಇರುತ್ತದೆ. ಚೈನಿನ ಒಂದೊಂದು ರೋಲರಿಗೆ ಒಂದೊಂದು ಹನಿ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು, ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಿಬಿಡುತ್ತೇನೆ. ಬೇಸಿಗೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಸಾಕು. ತೆಳು, ಧೂಳು ಕಡಿಮೆ ಹಿಡಿಯುತ್ತದೆ, ಆದರೆ ವಾರಕ್ಕೊಮ್ಮೆ ಹಾಕಬೇಕು. ಮಳೆಗಾಲಕ್ಕೆ ಅದು ನಿಲ್ಲುವುದಿಲ್ಲ. ಆಗ 30 ಅಥವಾ 40 ನಂಬರಿನ ಹೊಸ ಎಂಜಿನ್ ಆಯಿಲ್.

ಚೈನು ಸವೆದಿದೆಯೋ ಇಲ್ಲವೋ ಅಂತ ನೋಡಲು ಉಕ್ಕಿನ ಸ್ಕೇಲು ಬೇಕು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟರೆ ಅಲ್ಲಿಂದ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಒಂದಿಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗದವರೆಗೂ ಬಿಟ್ಟರೆ ಹಿಂದಿನ ಹಲ್ಲುಚಕ್ರ, ಅಂದರೆ ಫ್ರೀವೀಲೂ, ಜೊತೆಗೇ ಹೋಗಿರುತ್ತದೆ. ಆಗ ಹೊಸ ಚೈನು ಹಾಕಿದರೂ ಒತ್ತಿ ತುಳಿದಾಗ ಜಿಗಿಯುತ್ತದೆ. ಬಿಗಿ ನೋಡುವಾಗ ಪೆಡಲ್ ತಿರುಗಿಸುತ್ತಾ ಅತಿ ಬಿಗಿ ಬರುವ ಜಾಗ ಹುಡುಕಿ, ಅಲ್ಲಿ ಅರ್ಧ ಇಂಚು ಆಟ ಇಡಿ. ಮುಂದಿನ ಚೈನ್ ವೀಲು ನೂರಕ್ಕೆ ನೂರು ದುಂಡಗೆ ಇರುವುದು ಅಪರೂಪ.

ಹಬ್ಬು (ಚಕ್ರದ ನಡುವಿನ ಭಾಗ) ಬಿಚ್ಚುವ ಮೊದಲು ಗುಂಡು ತಂದಿಟ್ಟುಕೊಳ್ಳಿ. ಮುಂದಿನ ಹಬ್ಬಿಗೆ 3/16 ಇಂಚಿನವು ಒಂದೊಂದು ಕಡೆ 10, ಹಿಂದಿನದಕ್ಕೆ 1/4 ಇಂಚಿನವು ಒಂದೊಂದು ಕಡೆ 9, ಪೆಡಲ್ ಆ್ಯಕ್ಸಲ್ಲಿನ ಕಪ್ಪುಗಳಿಗೆ (ಗುಂಡು ಕೂರುವ ಬಟ್ಟಲುಗಳಿಗೆ) 1/4ರವು ಒಂದೊಂದು ಕಡೆ 11. ಹಳೆಯವಕ್ಕೆ ಹೊಸದು ಬೆರೆಸಬೇಡಿ. ಹೊಸ ಗುಂಡು ಕೂದಲೆಳೆಯಷ್ಟು ದಪ್ಪ ಇರುವುದರಿಂದ ಭಾರವೆಲ್ಲ ಅದರ ಮೇಲೇ ಬಿದ್ದು ಕೋನಿಗೆ (ಗುಂಡನ್ನು ಕಪ್ಪಿಗೆ ಒತ್ತಿಹಿಡಿಯುವ ಆ್ಯಕ್ಸಲ್ಲಿನ ನಟ್ಟಿಗೆ) ಗುಳಿ ಬೀಳುತ್ತದೆ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ಲಿನಲ್ಲಿ ತೊಳೆದು, ಒಣಗಿಸಿ, ಕಪ್ಪಿಗೆ ಗ್ರೀಸು ತುಂಬಿ ಗುಂಡು ಜೋಡಿಸಿ. ಕೋನನ್ನು ಕೈಯಲ್ಲಿ ಪೂರ್ತಿ ಬಿಗಿದು ಕಾಲು ಸುತ್ತು ಹಿಂದೆ ತನ್ನಿ. ಲಾಕ್ ನಟ್ಟು ಬಿಗಿದಾಗ ಕೋನು ಸ್ವಲ್ಪ ಒಳಗೆ ಸರಿಯುವುದರಿಂದ ಆ ಸಡಿಲ ಮೊದಲೇ ಬೇಕು. ಚಕ್ರವನ್ನು ಎತ್ತಿ ಬಿಟ್ಟರೆ ವಾಲಿನ ಭಾರಕ್ಕೇ ತಾನಾಗಿ ತಿರುಗಿ, ವಾಲು ಕೆಳಗೆ ಬಂದು ನಿಲ್ಲಬೇಕು. ಅಷ್ಟು ಹಗುರ ಬಂದು, ರಿಮ್ ಹಿಡಿದು ಅಲ್ಲಾಡಿಸಿದರೆ ಆಟ ಇಲ್ಲದಿದ್ದರೆ ಕೆಲಸ ಸರಿಯಾಗಿದೆ.

ಹೆಚ್ಚು ಕೆಡುವುದು ಕಾಟರ್ ಪಿನ್ನಿನ ಕೆಲಸ. ಟಕ್ ಟಕ್ ಸದ್ದು ಬಂದಾಗ ಎರಡೂ ಕ್ರ್ಯಾಂಕು ಹಿಡಿದು ಒಂದರ ವಿರುದ್ಧ ಒಂದನ್ನು ಒತ್ತಿ. ಒಂದೇ ಕ್ರ್ಯಾಂಕು ಅಲ್ಲಾಡಿದರೆ ಅದರ ಪಿನ್ನು ಸಡಿಲ. ಎರಡೂ ಸೇರಿ ಪಕ್ಕಕ್ಕೆ ಅಲ್ಲಾಡಿದರೆ ಎಡಗಡೆಯ ಕಪ್ಪು ಬಿಗಿಯಬೇಕು. ಪಿನ್ನು ತೆಗೆಯುವಾಗ ನಟ್ಟನ್ನು ಪೂರ್ತಿ ಬಿಚ್ಚದೆ ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲಿಸಿ, ಇಲ್ಲದಿದ್ದರೆ ಸುತ್ತಿಗೆ ಏಟಿಗೆ ಮರೆ (ನಟ್ಟು ತಿರುಗುವ ಸುರುಳಿ ಗೆರೆ) ಹಾಳಾಗುತ್ತದೆ. ಕ್ರ್ಯಾಂಕಿನ ಕೆಳಗೆ, ಪಿನ್ನಿನ ತಲೆಯ ಸುತ್ತ ಕೂರುವಂತೆ ಒಂದು ಕಬ್ಬಿಣದ ಪೈಪಿನ ತುಂಡು ನೆಲದಿಂದ ಆನಿಸಿ ಇಟ್ಟು, ಒಂದೇ ಗಟ್ಟಿ ಏಟು. ಆನಿಕೆ ಇಲ್ಲದೆ ಹತ್ತು ಸಣ್ಣ ಏಟು ಹೊಡೆದರೆ ಪಿನ್ನು ಬಾಗುತ್ತದೆ, ಏಟೆಲ್ಲ ಗುಂಡು ಕಪ್ಪುಗಳ ಮೇಲೆ ಬೀಳುತ್ತದೆ.

ಹೊಸ ಪಿನ್ನು ಸಾಮಾನ್ಯವಾಗಿ 9.5 ಮಿ.ಮೀ. ಅದರ ಓರೆ ಮುಖ ಆ್ಯಕ್ಸಲ್ಲಿನ ಕಚ್ಚಿಗೆ ಪೂರ್ತಿ ಒರಗಬೇಕು. ಒರಗದಿದ್ದರೆ ಅರದಿಂದ ಸ್ವಲ್ಪ ಸ್ವಲ್ಪ ಉಜ್ಜಿ ನೋಡುತ್ತಾ ಹೋಗಿ. ಬಲಗಡೆಯ ಕ್ರ್ಯಾಂಕು ಮೇಲೆ ನಿಂತಾಗ ನಟ್ಟು ಹಿಂದಕ್ಕಿದ್ದರೆ, ಎಡಗಡೆಯದು ಮೇಲೆ ಬಂದಾಗಲೂ ನಟ್ಟು ಹಿಂದಕ್ಕೇ ಇರಬೇಕು. ತಪ್ಪಿದರೆ ಎರಡು ಪೆಡಲೂ ಒಂದೇ ಗೆರೆಗೆ ಬರುವುದಿಲ್ಲ, ತುಳಿಯುವಾಗ ಕಾಲು ಕುಂಟುತ್ತದೆ. ಸುತ್ತಿಗೆಯಿಂದ ಕೂರಿಸಿ, ಆಮೇಲೆ ನಟ್ಟು ಬಿಗಿಯಿರಿ. ನಟ್ಟಿನಿಂದಲೇ ಎಳೆದು ಕೂರಿಸಲು ಹೋದರೆ ಮರೆ ಕಿತ್ತುಬರುತ್ತದೆ. ಒಂದೆರಡು ಕಿಲೋಮೀಟರ್ ಓಡಿಸಿ ಮತ್ತೊಂದು ಏಟು, ಮತ್ತೊಮ್ಮೆ ಬಿಗಿತ. ಈ ಎರಡನೇ ಬಿಗಿತವನ್ನು ಅಂಗಡಿಯಲ್ಲಿ ಯಾರೂ ಮಾಡಿಕೊಡುವುದಿಲ್ಲ, ನಾವೇ ಮಾಡಿಕೊಳ್ಳಬೇಕು.

ಕರಿ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತಿಗೆ ಸುಮಾರು 5.5 ಮೀಟರ್ ಹೋಗುತ್ತದೆ. ಬಳ್ಳಾರಿ ಸಪಾಟು ಊರು, ಏರು ಅಂದರೆ ಮೇಲ್ಸೇತುವೆಗಳೇ. ಹಾಗಿದ್ದೂ ಜೂನ್‌ನಿಂದ ಆಗಸ್ಟಿನವರೆಗಿನ ಎದುರುಗಾಳಿಗೆ, ಕ್ಯಾರಿಯರಿನಲ್ಲಿ ಭಾರ ಇದ್ದಾಗ, 18 ಮಂಡಿ ಹಿಡಿಸುತ್ತದೆ. ನಾನು 20 ಹಲ್ಲಿನ ಫ್ರೀವೀಲು ಹಾಕುವ ಪಕ್ಷದವನು. ಸುತ್ತಿಗೆ 4.9 ಮೀಟರ್, ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 17 ಕಿಲೋಮೀಟರ್ ಮೇಲೇ ಸಿಗುತ್ತದೆ. ಊರೊಳಗೆ ಅದಕ್ಕಿಂತ ಜೋರು ಹೋಗಿ ಸಿಗ್ನಲ್ಲಿನಲ್ಲಿ ನಿಲ್ಲುವುದೇ ತಾನೆ? ಎರಡು ಹಲ್ಲು ಹೆಚ್ಚಾದರೆ ಹಿಂದಿನ ಚಕ್ರ ಕಾಲು ಇಂಚು ಮುಂದೆ ಬರಬೇಕು. ಫೋರ್ಕಿನಲ್ಲಿ ಅಷ್ಟು ಜಾಗ ಇದ್ದರೆ ಚೈನು ಅದೇ ಸಾಕು. ಚಕ್ರ ಸರಿದ ಮೇಲೆ ರಾಡ್ ಬ್ರೇಕಿನ ರಬ್ಬರುಗಳನ್ನೂ ಸರಿಸಬೇಕು, ಅವು ರಿಮ್ಮಿನ ಒಳಮೈಗೆ ಒತ್ತುವುದರಿಂದ ಕಾಲಿಂಚಿಗೇ ಒಂದು ತಾಗಿ ಇನ್ನೊಂದು ದೂರವಾಗುತ್ತದೆ. ಹಳೇ ಫ್ರೀವೀಲು ಕೈಯಲ್ಲಿ ಬರುವುದಿಲ್ಲ. ಪುಲ್ಲರನ್ನು (ಫ್ರೀವೀಲು ಬಿಚ್ಚುವ ಸಾಧನವನ್ನು) ಬೆಂಚ್ ವೈಸಿನಲ್ಲಿ ಹಿಡಿಸಿ, ಅದರ ಮೇಲೆ ಚಕ್ರ ಕೂರಿಸಿ, ಇಡೀ ಚಕ್ರವನ್ನು ಎಡಕ್ಕೆ ತಿರುಗಿಸಿದರೆ ಬಿಡುತ್ತದೆ. ಹೊಸದಕ್ಕೆ ಮರೆಗೆ ಗ್ರೀಸು ಮರೆಯಬೇಡಿ.

ಬ್ರೇಕ್ ರಬ್ಬರಿಗೂ ರಿಮ್ಮಿಗೂ 2ರಿಂದ 3 ಮಿ.ಮೀ. ಸಂದು. ಮಳೆಯಲ್ಲಿ ಉಕ್ಕಿನ ರಿಮ್ಮು ಜಾರುತ್ತದೆ, ಅದಕ್ಕೆ ಮದ್ದಿಲ್ಲ. ಮೊದಲು ಹಗುರ ಹಿಡಿದು ನೀರು ಒರೆಸಿಕೊಂಡು ಆಮೇಲೆ ಒತ್ತಬೇಕು. ಸಿರುಗುಪ್ಪ ಕಡೆಯ ಎರೆಹೊಲದ ದಾರಿ ತುಳಿಯುವವರು ಮಳೆಗಾಲಕ್ಕೆ ಮಡ್‌ಗಾರ್ಡಿನ ಕಡ್ಡಿ ಸಡಿಲಿಸಿ, ಟೈರಿಗೂ ಅದಕ್ಕೂ ನಡುವೆ ಒಂದು ಬೆರಳು ಆಡುವಷ್ಟು ಸಂದು ಬಿಟ್ಟುಕೊಳ್ಳಲಿ. ಇಲ್ಲದಿದ್ದರೆ ಹತ್ತು ಮಾರು ಹೋಗುವುದರೊಳಗೆ ಮಣ್ಣು ಕಚ್ಚಿ ಚಕ್ರ ನಿಂತುಬಿಡುತ್ತದೆ.

ನೀರಿನ 20 ಲೀಟರ್ ಕ್ಯಾನು ಅಂದರೆ 20 ಕಿಲೊ. ಒಂದೇ ಕಡೆ ನೇತುಹಾಕುವುದಕ್ಕಿಂತ ಕ್ಯಾರಿಯರಿನ ಮೇಲೆ ಮಲಗಿಸಿ, ಹಳೆ ಟ್ಯೂಬಿನ ಪಟ್ಟಿಯಿಂದ ಎರಡು ಕಡೆ ಬಿಗಿದರೆ ಹ್ಯಾಂಡಲು ಎಳೆಯುವುದಿಲ್ಲ. ಡೈನಮೊ 6 ವೋಲ್ಟ್ 3 ವ್ಯಾಟಿನದು ಈಗಲೂ ಕೆಲಸಕ್ಕೆ ಬರುತ್ತದೆ. ಅದರ ನಡುಗೆರೆ ಹಬ್ಬಿನ ಮಧ್ಯಕ್ಕೆ ನೇರ ಇರಲಿ, ಓರೆಯಾದರೆ ಟೈರಿನ ಪಕ್ಕ ಸವೆಯುತ್ತದೆ.

ಈಗ ಶೋಕಿ. ಹಬ್ಬಿಗೆ ಹಾಕುವ ಬಣ್ಣದ ಬ್ರಷ್ ರಿಂಗು ಚಕ್ರ ತಿರುಗಿದಂತೆ ಹಬ್ಬನ್ನು ಒರೆಸುತ್ತಾ ಇರುತ್ತದೆ, ಹಾಕಿ. ಕಡ್ಡಿಗೆ ಮಣಿ ಹಾಕುವುದಾದರೆ ಬಿಗಿಯಾಗಿ ಕೂರುವಂಥವು ನೋಡಿ ತನ್ನಿ. ಹಿಂದಿನ ಮಡ್‌ಗಾರ್ಡಿಗೆ ಹಳೆ ಟೈರಿನ ತುಂಡಿನ ಫ್ಲಾಪು, ನೆಲದಿಂದ 4 ಇಂಚು ಮೇಲೆ ನಿಲ್ಲುವಂತೆ. ರೇಡಿಯಂ ಅನ್ನು ಮಡ್‌ಗಾರ್ಡಿಗಿಂತ ಪೆಡಲಿನ ಅಂಚಿಗೆ ಅಂಟಿಸಿದರೆ ಮೇಲೆ ಕೆಳಗೆ ಆಡುವುದರಿಂದ ಹಿಂದಿನ ಲಾರಿಯವನಿಗೆ ಬೇಗ ಕಾಣುತ್ತದೆ. ರೆಕ್ಸಿನ್ ಸೀಟು ಮಧ್ಯಾಹ್ನ ಕೂರಲಾಗದಷ್ಟು ಕಾಯುತ್ತದೆ, ಅದಕ್ಕೂ ಜೀನ್ಸ್ ತುಂಡಿನ ಕವರೇ ಸರಿ. ಕ್ರೋಮಿನ ಮೇಲಿನ ತುಕ್ಕಿಗೆ ಉಪ್ಪುಕಾಗದ ಮುಟ್ಟಿಸಬೇಡಿ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು ಉಂಡೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿದರೆ ತುಕ್ಕು ಹೋಗುತ್ತದೆ, ಕ್ರೋಮಿಗೆ ಗೀರು ಬೀಳುವುದಿಲ್ಲ. ಚೈನ್ ಕವರಿನ ಮೇಲೆ "ಶ್ರೀ ಕನಕದುರ್ಗಮ್ಮ ಪ್ರಸನ್ನ" ಬರೆಸುವವರು ಎನಾಮಲ್ ಪೇಂಟಿನಲ್ಲೇ ಬರೆಸಿ, ಸ್ಟಿಕ್ಕರು ಒಂದು ಬೇಸಿಗೆಗೇ ಸುರುಟಿಕೊಳ್ಳುತ್ತದೆ. ಹ್ಯಾಂಡಲಿಗೆ ಉದ್ದನೆ ರಿಬ್ಬನ್ ಮಾತ್ರ ನಾನು ಕಟ್ಟುವುದಿಲ್ಲ, ಕಡ್ಡಿಗೆ ಸುತ್ತಿಕೊಂಡರೆ ಮುಂದಿನ ಚಕ್ರ ನಿಂತು ಮುಖ ಅಡಿಯಾಗಿ ಬೀಳಬೇಕಾಗುತ್ತದೆ.

ಆಯುಧ ಪೂಜೆಗೆ ಚೆಂಡು ಹೂವಿನ ಹಾರವನ್ನೂ ಅದೇ ಕಾರಣಕ್ಕೆ ಹ್ಯಾಂಡಲಿಗೆ ಎರಡು ಸುತ್ತು ಹಾಕಿ ಗಂಟು ಬಿಗಿಯಿರಿ. ಹಿಂದಿನ ದಿನ ಬೈಕ್ ತೊಳೆಯುವ ಪ್ರೆಷರ್ ಗನ್ನಿಗೆ ಸೈಕಲ್ಲು ಒಡ್ಡಬೇಡಿ. ಹಬ್ಬಿನ ಧೂಳುಮುಚ್ಚಳ ಆ ನೀರಿನ ಹೊಡೆತ ತಡೆಯುವುದಿಲ್ಲ, ಗ್ರೀಸು ಕೊಚ್ಚಿಹೋಗಿ ಗುಂಡಿಗೆ ತುಕ್ಕು ಹಿಡಿಯುತ್ತದೆ. ಒಂದು ಬಕೆಟ್ ನೀರು, ಸ್ವಲ್ಪ ಸೋಪಿನ ಪುಡಿ, ಒಂದು ಹಳೆ ಬ್ರಷ್ ಸಾಕು. ತೊಳೆದು ಒಣಗಿದ ಸಂಜೆಯೇ ಚೈನಿಗೆ ಎಣ್ಣೆ ಬಿಡಿ, ಹಬ್ಬಿನ ಆಯಿಲ್ ತೂತಿದ್ದರೆ ಅದಕ್ಕೂ ನಾಲ್ಕು ಹನಿ.