ಗುದ್ದಿಗೆ ತೂಕ ಬಂದದ್ದು

ನಾನು ಮಾಡುತ್ತಿರುವುದು 1989ರ ಫೈನಲ್ ಫೈಟ್ ಥರದ ವಿಡಿಯೋ ಗೇಮ್. ನಾಯಕ ಎಡದಿಂದ ಬಲಕ್ಕೆ ಹೋಗುತ್ತಾ ಎದುರಾದವರನ್ನು ಗುದ್ದುತ್ತಾನೆ, ಒದೆಯುತ್ತಾನೆ. ನಡಿಗೆ, ಜಿಗಿತ ಎರಡೇ ದಿನದಲ್ಲಿ ಆಯಿತು. ಗುದ್ದು ಸರಿಹೋಗಲು ತಿಂಗಳುಗಳು ಬೇಕಾದವು.

ಮೊದಲ ಕೋಡ್ ತೀರಾ ಸರಳ. ಗುದ್ದುವಾಗ ಎರಡು ಚಿತ್ರಗಳು ತಾಗಿದರೆ ಶತ್ರುವಿನ ಹೆಲ್ತ್‌ನಿಂದ (ಅವನಲ್ಲಿ ಉಳಿದ ಶಕ್ತಿಯ ಅಂಕ) 10 ಕಳೆಯಬೇಕು, ಅಷ್ಟೇ. ಓಡಿಸಿ ನೋಡಿದೆ. 100 ಹೆಲ್ತ್ ಇದ್ದವನು ಒಂದೇ ಗುದ್ದಿಗೆ ಬಿದ್ದ. ಕೈ ಚಾಚಿರುವಷ್ಟು ಹೊತ್ತೂ ಪ್ರತಿ ಫ್ರೇಮ್‌ನಲ್ಲಿ, ಅಂದರೆ ಸ್ಕ್ರೀನ್ ಮೇಲೆ ಮೂಡುವ ಪ್ರತಿ ಚಿತ್ರದಲ್ಲಿ, ಒಂದೊಂದು ಏಟು ಲೆಕ್ಕಕ್ಕೆ ಬರುತ್ತಿತ್ತು. ಅದಕ್ಕೆ ಪ್ರತಿ ಏಟಿಗೂ ಒಂದು ಪಟ್ಟಿ ಇಟ್ಟೆ: ಈ ಏಟು ಈಗಾಗಲೇ ಯಾರಿಗೆ ಬಿದ್ದಿದೆ? ಹೊಸ ಏಟು ಶುರುವಾದಾಗ ಪಟ್ಟಿ ಖಾಲಿ. 'ಬಿದ್ದಿದೆ, ಬಿದ್ದಿಲ್ಲ' ಎಂಬ ಒಂದು ಗುರುತು ಸಾಲದು. ಒಂದೇ ಒದೆತ ಮೂವರಿಗೆ ತಾಗಬಹುದು ಅಲ್ವಾ?

ಆಮೇಲೆ ಚಿತ್ರಗಳನ್ನು ನಂಬುವುದನ್ನೇ ಬಿಟ್ಟೆ. ಕಣ್ಣಿಗೆ ಕಾಣದ ಎರಡು ಚೌಕ ಇಟ್ಟೆ: ಮುಷ್ಟಿಯ ಮೇಲೆ ಏಟು ಕೊಡುವ ಹಿಟ್‌ಬಾಕ್ಸ್, ಮೈಮೇಲೆ ಏಟು ತಿನ್ನುವ ಹರ್ಟ್‌ಬಾಕ್ಸ್. ಇವೆರಡು ತಾಗಿದರೆ ಏಟು. ನಾಯಕನ ಹರ್ಟ್‌ಬಾಕ್ಸ್ ಅವನ ಮೈಗಿಂತ ಸ್ವಲ್ಪ ಚಿಕ್ಕದು, ಹಿಟ್‌ಬಾಕ್ಸ್ ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಕೂದಲೆಳೆಯಲ್ಲಿ ತಪ್ಪಿದ ಗುದ್ದು ಆಡುವವರಿಗೆ ಅನ್ಯಾಯ ಅನ್ನಿಸುತ್ತದೆ. ಈ ಪಕ್ಷಪಾತ ಬೇಕೇ ಬೇಕು.

ಈ ಥರದ ಆಟದಲ್ಲಿ ಇನ್ನೊಂದು ತೊಡಕಿದೆ. ರಸ್ತೆಯ ಆಚೆ ಬದಿ ನಿಂತವನೂ ಸ್ಕ್ರೀನ್ ಮೇಲೆ ತಾಗಿದಂತೆಯೇ ಕಾಣುತ್ತಾನೆ. ಹಾಗಾಗಿ ಪ್ರತಿ ಪಾತ್ರಕ್ಕೂ ಮೂರು ಸಂಖ್ಯೆ ಇಟ್ಟೆ: ಅಡ್ಡಕ್ಕೆ ಎಲ್ಲಿದ್ದಾನೆ, ರಸ್ತೆಯಲ್ಲಿ ಎಷ್ಟು ಒಳಗಿದ್ದಾನೆ, ನೆಲದಿಂದ ಎಷ್ಟು ಮೇಲಿದ್ದಾನೆ. ಬಾಕ್ಸ್‌ಗಳು ತಾಗಿದರೂ ಒಳ ಅಳತೆ ಹತ್ತಿರ ಇಲ್ಲದಿದ್ದರೆ ಏಟಿಲ್ಲ. ನೆರಳನ್ನು ಬಿಡಿಸುವಾಗ ಮೂರನೆಯ ಸಂಖ್ಯೆ ಬಿಟ್ಟುಬಿಡುತ್ತೇನೆ. ಜಿಗಿದವನು ಎಲ್ಲಿ ಇಳಿಯುತ್ತಾನೆ ಅಂತ ನೆರಳೇ ಹೇಳುತ್ತದೆ.

ನನಗೆ ತುಂಬಾ ಇಷ್ಟವಾದ ಕೆಲಸ ಫ್ರೇಮ್‌ಗಳ ಲೆಕ್ಕ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್. ನನ್ನ ಸಣ್ಣ ಗುದ್ದು ಹೀಗಿದೆ: ಕೈ ಎತ್ತಲು 4 ಫ್ರೇಮ್, ಏಟು ಬೀಳಬಲ್ಲ ಹೊತ್ತು 3, ಕೈ ಹಿಂದಕ್ಕೆ ಎಳೆಯಲು 8. ಒಟ್ಟು 15. ಏಟು ಐದನೇ ಫ್ರೇಮ್‌ನಲ್ಲಿ ತಗುಲಿದರೆ ನಾಯಕನಿಗೆ ಇನ್ನೂ 10 ಫ್ರೇಮ್ ಬಾಕಿ. ಮುಂದಿನ ಗುದ್ದು ತಗುಲುವುದು ಅದರ ಐದನೇ ಫ್ರೇಮ್‌ನಲ್ಲಿ. ಅಂದರೆ ಎರಡು ಏಟುಗಳ ನಡುವೆ 15 ಫ್ರೇಮ್ ಅಂತರ. ಏಟು ತಿಂದವನು ತತ್ತರಿಸುವ ಹೊತ್ತನ್ನು ನಾನು ಮೊದಲು 12 ಇಟ್ಟಿದ್ದೆ. ಎರಡನೇ ಗುದ್ದು ಬರುವಷ್ಟರಲ್ಲಿ ಅವನು ತಪ್ಪಿಸಿಕೊಳ್ಳುತ್ತಿದ್ದ. 16 ಮಾಡಿದೆ. ಕಾಂಬೋ, ಅಂದರೆ ತಪ್ಪಿಸಿಕೊಳ್ಳಲು ಬಿಡದ ಏಟುಗಳ ಸಾಲು, ತಾನಾಗಿಯೇ ಬಂತು! ಅದಕ್ಕಾಗಿ ಬೇರೆ ಒಂದು ಸಾಲು ಕೋಡ್ ಕೂಡ ಬರೆದಿರಲಿಲ್ಲ. 1991ರ ಸ್ಟ್ರೀಟ್ ಫೈಟರ್ 2ರಲ್ಲೂ ಕಾಂಬೋ ಮೊದಲೇ ಯೋಜಿಸಿದ್ದಲ್ಲ, ಮಾಡುವವರ ಕಣ್ಣಿಗೆ ಆಕಸ್ಮಿಕವಾಗಿ ಬಿದ್ದದ್ದು. ಅದು ಹೇಗಾಗಿರಬಹುದು ಅಂತ ಆ ದಿನ ನನಗೆ ಅರ್ಥವಾಯಿತು.

ಒಂದು ಎಚ್ಚರಿಕೆ. ನಾನು ಸ್ಕ್ರೀನ್ ಮೇಲೆ ಮೂಡುವ ಫ್ರೇಮ್‌ಗಳನ್ನೇ ಎಣಿಸುತ್ತಿದ್ದೆ. ಸೆಕೆಂಡಿಗೆ 144 ಫ್ರೇಮ್ ತೋರಿಸುವ 144 ಹರ್ಟ್ಜ್ ಮಾನಿಟರ್‌ನಲ್ಲಿ ಇಡೀ ಆಟ ಎರಡು ಪಟ್ಟಿಗಿಂತ ಜೋರಾಗಿ ಓಡಿತು. ಈಗ ಹೊಡೆದಾಟದ ಲೆಕ್ಕ ಯಾವಾಗಲೂ ಸೆಕೆಂಡಿಗೆ 60 ಸಲ, ಚಿತ್ರ ಬಿಡಿಸುವುದು ಬೇರೆ.

ಇಷ್ಟೆಲ್ಲ ಆದರೂ ಗುದ್ದು ಗಾಳಿಗೆ ಗುದ್ದಿದ ಹಾಗೇ ಇತ್ತು. ಸದ್ದು ಜಾಸ್ತಿ ಮಾಡಿದೆ, ಕಿಡಿ ಹಾರಿಸಿದೆ, ಸಾಲಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಹಿಟ್‌ಸ್ಟಾಪ್. ಏಟು ತಗುಲಿದ ಕ್ಷಣ ಇಬ್ಬರನ್ನೂ ಅಲ್ಲೇ ನಿಲ್ಲಿಸಿದೆ. ಸಣ್ಣ ಗುದ್ದಿಗೆ 4 ಫ್ರೇಮ್, ದೊಡ್ಡ ಒದೆತಕ್ಕೆ 9. ಏಟು ತಿಂದವನು ಮಾತ್ರ ಒಂದೆರಡು ಪಿಕ್ಸೆಲ್ ಅತ್ತಿತ್ತ ನಡುಗುತ್ತಾನೆ. ಆ ಪುಟ್ಟ ನಿಲುಗಡೆಯಲ್ಲೇ ಗುದ್ದಿನ ತೂಕವೆಲ್ಲ ಇದೆ. ಇಡೀ ಆಟವನ್ನು ನಿಲ್ಲಿಸಬೇಡಿ. ಸುತ್ತ ನಾಲ್ವರು ಇದ್ದಾಗ ಅದು ಆಟ ತಡವರಿಸಿದಂತೆ ಕಾಣುತ್ತದೆ. ಈ ಇಬ್ಬರು ನಿಂತರೆ ಸಾಕು.

ಇಲ್ಲೊಂದು ತಪ್ಪು ಮಾಡಿದ್ದೆ. ನಾಯಕ ನಿಂತಾಗ ಬಟನ್ ಓದುವುದೂ ನಿಂತುಹೋಗುತ್ತಿತ್ತು. ಆಡುವವರು ಮುಂದಿನ ಗುದ್ದಿಗೆ ಒತ್ತುವುದು ಸರಿಯಾಗಿ ಆ ಹೊತ್ತಿನಲ್ಲೇ. ಹಾಗಾಗಿ ಬಟನ್ ಓದುವುದನ್ನು ಪಾತ್ರದಿಂದ ಹೊರಗೆ ತೆಗೆದೆ. ಒತ್ತಿದ್ದು ಕೆಲವು ಫ್ರೇಮ್‌ವರೆಗೆ ನೆನಪಿರುತ್ತದೆ, ನಾಯಕ ಬಿಡುವಾದ ತಕ್ಷಣ ನಡೆಯುತ್ತದೆ. ನಿಂತ ಫ್ರೇಮ್‌ಗಳು ಆ ಲೆಕ್ಕದಲ್ಲಿ ಸೇರುವುದಿಲ್ಲ.

ಶತ್ರುಗಳ ಗುಂಪಿಗೆ ಸುಲಭದ ನಿಯಮ ಸಾಕಾಯಿತು. ಒಮ್ಮೆಗೆ ಇಬ್ಬರಿಗೆ ಮಾತ್ರ ಹೊಡೆಯುವ ಸರದಿ, ಉಳಿದವರು ದೂರದಲ್ಲಿ ಸುತ್ತುತ್ತಾರೆ.

ಈಗ ಹೊಸ ಏಟು ಸೇರಿಸುವಾಗ ಚಿತ್ರ ಬಿಡಿಸುವುದು ಕೊನೆಗೆ. ಮೊದಲು ಸದ್ದಿಲ್ಲದೆ, ಬರೀ ಬಣ್ಣದ ಚೌಕಗಳಲ್ಲಿ ಗುದ್ದಿ ನೋಡುತ್ತೇನೆ. ಚೌಕ ಚೌಕಕ್ಕೆ ಗುದ್ದಿದಾಗಲೇ ಏಟು ಗಟ್ಟಿ ಅನ್ನಿಸಿದರೆ ಪೆನ್ಸಿಲ್ ಎತ್ತಿಕೊಳ್ಳುತ್ತೇನೆ. ಕಳೆದ ವಾರದ ಮೊಣಕೈ ಏಟು ಇನ್ನೂ ಚೌಕದಲ್ಲೇ ಇದೆ. ಅದರ ಹಿಟ್‌ಸ್ಟಾಪ್ 6 ಇರಬೇಕೋ 7 ಇರಬೇಕೋ ತೀರ್ಮಾನವಾಗಿಲ್ಲ.