ಪ್ರವಾಸಿ ವೀಸಾ: ಅರ್ಜಿ ಹಾಕುವ ಮುನ್ನ ತಿಳಿದಿರಬೇಕಾದದ್ದು

ಪ್ರವಾಸಿ ವೀಸಾ ಕೋರಿ ಬಂದ ಅರ್ಜಿಯನ್ನು ಕೈಗೆತ್ತಿಕೊಳ್ಳುವ ಅಧಿಕಾರಿಗೆ ಅರ್ಜಿದಾರರ ಪರಿಚಯ ಇರುವುದಿಲ್ಲ. ಅವರ ಮುಂದಿರುವುದು ಭರ್ತಿ ಮಾಡಿದ ಒಂದು ಫಾರಂ ಮತ್ತು ಅದಕ್ಕೆ ಲಗತ್ತಿಸಿದ ಕಾಗದಗಳು ಮಾತ್ರ. ಈ ವ್ಯಕ್ತಿ ಯಾವ ಕಾರಣಕ್ಕೆ ಬರುತ್ತಿದ್ದಾರೆ, ಖರ್ಚನ್ನು ಯಾರು ಭರಿಸುತ್ತಾರೆ, ಪ್ರವಾಸ ಮುಗಿದ ಮೇಲೆ ತಮ್ಮ ದೇಶಕ್ಕೆ ಹಿಂತಿರುಗುತ್ತಾರೆಯೇ ಎಂಬ ಮೂರು ಪ್ರಶ್ನೆಗಳಿಗೆ ಅವರು ಆ ಕಾಗದಗಳಲ್ಲೇ ಉತ್ತರ ಹುಡುಕಬೇಕು. ಆದ್ದರಿಂದ ಒಂದೊಂದು ದಾಖಲೆಯೂ ಸರಿಯಾಗಿದ್ದರೆ ಸಾಲದು. ಎಲ್ಲ ದಾಖಲೆಗಳೂ ಒಂದೇ ಮಾತನ್ನು ಹೇಳಬೇಕು. ಫಾರಂನಲ್ಲಿ ಹತ್ತು ದಿನದ ಪ್ರವಾಸವೆಂದು ಬರೆದು, ರಜೆ ಮಂಜೂರಾತಿ ಪತ್ರದಲ್ಲಿ ಏಳೇ ದಿನ ಇದ್ದು, ಹೋಟೆಲ್ ಕಾಯ್ದಿರಿಸಿದ್ದು ಹನ್ನೆರಡು ರಾತ್ರಿಗೆ ಎಂದಾದರೆ, ಮೂರೂ ನಿಜವಾದ ದಾಖಲೆಗಳೇ ಆಗಿದ್ದರೂ ಒಟ್ಟು ಅರ್ಜಿ ಸಂಶಯಕ್ಕೆ ಎಡೆಮಾಡಿಕೊಡುತ್ತದೆ. ಮುಂದೆ ಹೇಳುವ ಪ್ರತಿಯೊಂದು ಹಂತದಲ್ಲೂ ಈ ಹೊಂದಾಣಿಕೆಯ ಮೇಲೆ ಗಮನವಿರಬೇಕು.

ಮೊಟ್ಟಮೊದಲು ವೀಸಾ ಬೇಕೇ, ಬೇಕಾದರೆ ಯಾವ ಬಗೆಯದು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇದನ್ನು ಸಾಮಾನ್ಯವಾಗಿ ನಿರ್ಧರಿಸುವುದು ನೀವು ವಾಸಿಸುತ್ತಿರುವ ದೇಶವಲ್ಲ, ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದು. ಕೆಲವು ದೇಶಗಳು ವೀಸಾ ಇಲ್ಲದೆಯೇ ಒಳಗೆ ಬಿಡುತ್ತವೆ, ಕೆಲವು ವಿಮಾನ ನಿಲ್ದಾಣದಲ್ಲೇ ವೀಸಾ ಕೊಡುತ್ತವೆ, ಕೆಲವು ಇ-ವೀಸಾ ನೀಡುತ್ತವೆ, ಉಳಿದವು ರಾಯಭಾರ ಕಚೇರಿ ಅಥವಾ ವೀಸಾ ಅರ್ಜಿ ಕೇಂದ್ರದ ಮೂಲಕ ಮುಂಚಿತವಾಗಿಯೇ ಪಡೆಯಬೇಕೆನ್ನುತ್ತವೆ. ಅಮೆರಿಕದ ಎಸ್ಟಾ, ಬ್ರಿಟನ್ನಿನ ಇಟಿಎ ಮುಂತಾದವು ವೀಸಾಗಳಲ್ಲ. ವೀಸಾ ವಿನಾಯಿತಿ ಇರುವ ದೇಶಗಳ ಪ್ರಜೆಗಳು ಹೊರಡುವ ಮುನ್ನ ಪಡೆಯಬೇಕಾದ ಅನುಮತಿಗಳು. ಈ ಮಾಹಿತಿಯನ್ನು ಆಯಾ ಸರ್ಕಾರದ ಅಧಿಕೃತ ಜಾಲತಾಣದಲ್ಲೇ ನೋಡಬೇಕು. ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಕಾಣಿಸುವ ತಾಣ ಸರ್ಕಾರದ್ದೇ ಆಗಿರಬೇಕೆಂದಿಲ್ಲ; ಸರ್ಕಾರಿ ಲಾಂಛನವನ್ನು ಹೋಲುವ ಚಿತ್ರ ಹಾಕಿಕೊಂಡು ದುಪ್ಪಟ್ಟು ಶುಲ್ಕ ವಸೂಲು ಮಾಡುವ ಖಾಸಗಿ ತಾಣಗಳು ಬೇಕಾದಷ್ಟಿವೆ. ಅಮೆರಿಕದ ಸರ್ಕಾರಿ ತಾಣಗಳ ವಿಳಾಸ 'ಡಾಟ್ ಗವ್' ಎಂದೂ ಬ್ರಿಟನ್ನಿನದು 'ಗವ್ ಡಾಟ್ ಯುಕೆ' ಎಂದೂ ಮುಗಿಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಅಷ್ಟು ಮೋಸ ತಪ್ಪುತ್ತದೆ.

ದಾರಿಯಲ್ಲಿ ವಿಮಾನ ಬದಲಿಸುವ ದೇಶವನ್ನು ಅನೇಕರು ಮರೆಯುತ್ತಾರೆ. ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಕೆಲವು ದೇಶಗಳು ಕೆಲವು ಪಾಸ್‌ಪೋರ್ಟ್‌ಗಳಿಗೆ ಟ್ರಾನ್ಸಿಟ್ ವೀಸಾ ಕೇಳುತ್ತವೆ. ಅಮೆರಿಕದಲ್ಲಂತೂ ಮುಂದಿನ ವಿಮಾನ ಬೇರೆ ದೇಶಕ್ಕೇ ಹೋಗುವುದಾದರೂ ವಲಸೆ ತಪಾಸಣೆಯನ್ನು ದಾಟಲೇಬೇಕು. ಎರಡು ಟಿಕೆಟ್‌ಗಳನ್ನು ಬೇರೆಬೇರೆಯಾಗಿ ಕೊಂಡಿದ್ದು, ನಡುವೆ ಲಗೇಜನ್ನು ಹೊರತೆಗೆದು ಮತ್ತೆ ಒಪ್ಪಿಸಬೇಕಾಗಿ ಬಂದರೆ, ಆ ದೇಶದೊಳಗೆ ಪ್ರವೇಶಿಸುವ ಅನುಮತಿ ಬೇಕಾಗುವ ಸಂಭವವಿದೆ.

ಬಳಿಕ ಪಾಸ್‌ಪೋರ್ಟನ್ನು ತೆರೆದು ನೋಡಬೇಕು. ಪ್ರವೇಶದ ದಿನದಿಂದ ಇನ್ನೂ ಆರು ತಿಂಗಳ ಕಾಲ ಅದು ಊರ್ಜಿತವಾಗಿರಬೇಕೆಂದು ಹಲವು ದೇಶಗಳು ಕೇಳುತ್ತವೆ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ವಲಯದ ದೇಶಗಳ ನಿಯಮ ಇನ್ನೂ ನಿರ್ದಿಷ್ಟವಾಗಿದೆ: ಪಾಸ್‌ಪೋರ್ಟ್ ಹಿಂದಿನ 10 ವರ್ಷಗಳೊಳಗೆ ನೀಡಿದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದ ನಂತರ ಕನಿಷ್ಠ 3 ತಿಂಗಳು ಊರ್ಜಿತವಾಗಿರಬೇಕು, ಅದರಲ್ಲಿ 2 ಖಾಲಿ ಪುಟಗಳಿರಬೇಕು. ಅವಧಿ ಮುಗಿಯುತ್ತಾ ಬಂದಿದ್ದರೆ ಮೊದಲು ಅದನ್ನು ನವೀಕರಿಸಿಕೊಂಡು ಆಮೇಲೆ ವೀಸಾದ ಮಾತಿಗೆ ಬರುವುದು ಕ್ಷೇಮ. ಆಸ್ಟ್ರೇಲಿಯಾದ ಪ್ರವಾಸಿ ವೀಸಾಕ್ಕೆ ಸ್ಟಿಕ್ಕರೇ ಇಲ್ಲ, ಅದು ಪಾಸ್‌ಪೋರ್ಟ್ ಸಂಖ್ಯೆಗೆ ಜೋಡಣೆಯಾಗಿ ಕಂಪ್ಯೂಟರಿನಲ್ಲಿರುತ್ತದೆ. ವೀಸಾ ಬಂದ ಮೇಲೆ ಹೊಸ ಪಾಸ್‌ಪೋರ್ಟ್ ಮಾಡಿಸಿದರೆ ಆ ಸಂಖ್ಯೆಯನ್ನು ಅಲ್ಲಿನ ಇಲಾಖೆಗೆ ತಿಳಿಸಬೇಕಾಗುತ್ತದೆ.

ಅರ್ಜಿಯನ್ನು ಯಾವ ದೇಶಕ್ಕೆ ಸಲ್ಲಿಸಬೇಕೆಂಬುದು ಬಹಳ ಸಲ ಪ್ರಶ್ನೆಯೇ ಅಲ್ಲ, ಆದರೆ ಯುರೋಪಿನ ಮಟ್ಟಿಗೆ ಅದೇ ದೊಡ್ಡ ಪ್ರಶ್ನೆ. ಷೆಂಗೆನ್ ವಲಯದ 29 ದೇಶಗಳಿಗೆ ಒಂದೇ ವೀಸಾ ಸಾಕು, ಆದರೆ ಅದನ್ನು ಕೊಡುವ ಅಧಿಕಾರ ನಿಮ್ಮ ಪ್ರವಾಸದ ಮುಖ್ಯ ಗಮ್ಯಸ್ಥಾನವಾದ ದೇಶದ್ದು. ಉದ್ದೇಶ ಎಲ್ಲೆಡೆ ಪ್ರವಾಸವೇ ಆಗಿದ್ದರೆ ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಎಲ್ಲ ಕಡೆಯೂ ಸಮನಾದ ದಿನಗಳಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಇಟಲಿಯಲ್ಲಿ ಐದು ರಾತ್ರಿ, ಫ್ರಾನ್ಸಿನಲ್ಲಿ ಮೂರು ರಾತ್ರಿ ಎಂದಿದ್ದರೆ ವಿಮಾನ ಪ್ಯಾರಿಸ್ಸಿನಲ್ಲೇ ಇಳಿದರೂ ಅರ್ಜಿ ಹೋಗಬೇಕಾದದ್ದು ಇಟಲಿಗೆ. ಯಾವ ದೇಶ ಸುಲಭವಾಗಿ ವೀಸಾ ಕೊಡುತ್ತದೆಂಬ ಗಾಳಿಮಾತನ್ನು ನಂಬಿ ಒಂದು ದೇಶಕ್ಕೆ ಅರ್ಜಿ ಹಾಕಿ ಇನ್ನೊಂದರಲ್ಲಿ ಕಾಲ ಕಳೆಯುವ ಯೋಜನೆ ಬೇಡ. ಗಡಿಯಲ್ಲಿ ಹೋಟೆಲ್ ರಸೀದಿ ಕೇಳಿದಾಗ ಅದು ಬಯಲಾಗುತ್ತದೆ. ಐರ್ಲೆಂಡ್ ಮತ್ತು ಸೈಪ್ರಸ್ ಐರೋಪ್ಯ ಒಕ್ಕೂಟದಲ್ಲಿದ್ದರೂ ಷೆಂಗೆನ್ ವಲಯದಲ್ಲಿ ಇಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ.

ಸಮಯದ ವಿಷಯಕ್ಕೆ ಬಂದರೆ, ಬೇಗ ಎನ್ನುವುದಕ್ಕೂ ಒಂದು ಮಿತಿಯಿದೆ. ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳಿಗಿಂತ ಮುಂಚೆ ಅರ್ಜಿ ಸ್ವೀಕರಿಸುವುದಿಲ್ಲ, 15 ದಿನಗಳಿಗಿಂತ ತಡವಾಗಿ ಹಾಕುವಂತೆಯೂ ಇಲ್ಲ. ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾಕ್ಕೆ ಹೆಚ್ಚೆಂದರೆ 3 ತಿಂಗಳ ಮುಂಚೆ ಅರ್ಜಿ ಹಾಕಬಹುದು. ಆದರೆ ಕಾಯಬೇಕಾಗಿ ಬರುವುದು ಬಹುಪಾಲು ತೀರ್ಮಾನಕ್ಕಾಗಿ ಅಲ್ಲ, ಅರ್ಜಿ ಸಲ್ಲಿಸುವ ಅಥವಾ ಸಂದರ್ಶನದ ದಿನಾಂಕ ಸಿಗುವುದಕ್ಕಾಗಿ. ಬೇಸಿಗೆ ರಜೆಯ ಹೊತ್ತಿಗೆ ಆ ದಿನಾಂಕಗಳು ತಿಂಗಳುಗಟ್ಟಲೆ ದೂರ ಹೋಗುತ್ತವೆ. ಹಾಗಾಗಿ ದಾಖಲೆಗಳನ್ನು ಕೂಡಿಸುವ ಮೊದಲೇ ದಿನಾಂಕಗಳ ಸ್ಥಿತಿಯನ್ನು ನೋಡಿ, ಅದಕ್ಕೆ ತಕ್ಕಂತೆ ಪ್ರವಾಸದ ದಿನವನ್ನು ಗೊತ್ತುಮಾಡುವುದು ವಿವೇಕ.

ಫಾರಂ ತುಂಬುವ ಕೆಲಸವನ್ನು ಏಜೆಂಟರಿಗೆ ಒಪ್ಪಿಸಿದರೂ ಕೊನೆಯಲ್ಲಿ ಪ್ರತಿ ಸಾಲನ್ನೂ ನೀವೇ ಓದಬೇಕು, ಏಕೆಂದರೆ ಸಹಿ ನಿಮ್ಮದು. ಹೆಸರನ್ನು ಪಾಸ್‌ಪೋರ್ಟಿನ ಫೋಟೋ ಪುಟದಲ್ಲಿ ಇರುವಂತೆಯೇ, ಅಕ್ಷರ ಬಿಡದೆ, ಇನಿಷಿಯಲ್ ಹಿಗ್ಗಿಸದೆ ಬರೆಯಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಗಿವನ್ ನೇಮ್ ಜಾಗ ಖಾಲಿಯಿದ್ದರೆ, ಅಮೆರಿಕದ ಆನ್‌ಲೈನ್ ವೀಸಾ ಅರ್ಜಿಯಾದ ಡಿಎಸ್-160 ಫಾರಂ ಆ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ತಿಳಿದಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷಿಪ್ತ ರೂಪ) ಎಂದು ಬರೆಯಲು ಹೇಳುತ್ತದೆ. ಅಲ್ಲಿ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ತುಂಬಿದರೆ ಅದು ಪಾಸ್‌ಪೋರ್ಟಿಗೆ ಹೊಂದದ ಹೆಸರಾಗುತ್ತದೆ. ಇದೇ ಫಾರಂ ಸುಮಾರು 20 ನಿಮಿಷ ಕೈಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುವುದರಿಂದ ಅರ್ಜಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಹಿಂದಿನ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣಗಳ ಖಾತೆಗಳನ್ನೂ ಅದು ಕೇಳುತ್ತದೆ. ದಿನಾಂಕ ಬರೆಯುವಾಗ ಒಂದು ಎಚ್ಚರ: ಕೆಲವು ದೇಶಗಳಲ್ಲಿ ತಿಂಗಳು ಮೊದಲು, ದಿನ ಆಮೇಲೆ. 4-5 ಎಂಬುದು ಒಬ್ಬರಿಗೆ ಮೇ ನಾಲ್ಕು, ಇನ್ನೊಬ್ಬರಿಗೆ ಏಪ್ರಿಲ್ ಐದು. ಪತ್ರಗಳಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆದರೆ ಗೊಂದಲಕ್ಕೆ ಆಸ್ಪದವಿರುವುದಿಲ್ಲ.

ಹಿಂದೆ ಯಾವುದಾದರೂ ದೇಶ ವೀಸಾ ನಿರಾಕರಿಸಿದೆಯೇ ಎಂಬ ಪ್ರಶ್ನೆ ಬಂದಾಗ ಅನೇಕರ ಕೈ ನಡುಗುತ್ತದೆ. ನಿರಾಕರಣೆ ಆಗಿದ್ದರೆ ಹೌದೆಂದೇ ಬರೆಯಬೇಕು. ಹಳೆಯ ನಿರಾಕರಣೆ ಹೊಸ ಅರ್ಜಿಯನ್ನು ಕೆಡಿಸಲೇಬೇಕೆಂದಿಲ್ಲ, ಆದರೆ ಅದನ್ನು ಮುಚ್ಚಿಟ್ಟದ್ದು ಗೊತ್ತಾದರೆ ಖಂಡಿತ ಕೆಡಿಸುತ್ತದೆ. ಅರ್ಜಿಯಲ್ಲಿ ವಂಚನೆ ಕಂಡುಬಂದರೆ ಬ್ರಿಟನ್ 10 ವರ್ಷಗಳವರೆಗೆ, ಕೆನಡಾ 5 ವರ್ಷಗಳವರೆಗೆ ಬಾಗಿಲು ಮುಚ್ಚಬಲ್ಲವು. ನಕಲಿ ಹೋಟೆಲ್ ರಸೀದಿ, ಇಲ್ಲದ ಕಂಪನಿಯ ಪತ್ರ ಎಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತವೆ; ಅವನ್ನು ತಯಾರಿಸಿಕೊಟ್ಟ ಏಜೆಂಟರ ಹೆಸರು ಹೇಳಿ ಪಾರಾಗಲು ಬರುವುದಿಲ್ಲ.

ಹಣದ ಪುರಾವೆಯೆಂದರೆ ಬ್ಯಾಂಕಿನಲ್ಲಿ ದೊಡ್ಡ ಮೊತ್ತ ತೋರಿಸುವುದೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅಧಿಕಾರಿಗಳು ನೋಡುವುದು ಕೊನೆಯ ಸಾಲಿನ ಶಿಲ್ಕನ್ನಷ್ಟೇ ಅಲ್ಲ, ಹಣ ಬಂದ ದಾರಿಯನ್ನು. ತಿಂಗಳಿಂದ ತಿಂಗಳಿಗೆ ಸಂಬಳ ಜಮೆಯಾಗಿ, ಖರ್ಚಾಗಿ, ಸ್ವಲ್ಪಸ್ವಲ್ಪವೇ ಉಳಿದ ಖಾತೆ, ಅರ್ಜಿಗೆ ಒಂದು ವಾರ ಮುಂಚೆ ಎಲ್ಲಿಂದಲೋ ಬಂದ ಇಡುಗಂಟಿನ ಖಾತೆಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ದೊಡ್ಡ ಮೊತ್ತ ನಿಜವಾಗಿಯೂ ಬಂದಿದ್ದರೆ, ಉದಾಹರಣೆಗೆ ನಿಶ್ಚಿತ ಠೇವಣಿ ಅವಧಿ ಮುಗಿದು ಖಾತೆಗೆ ಸೇರಿದ್ದರೆ, ಅದರ ದಾಖಲೆಯನ್ನೂ ಜೊತೆಗಿಡಬೇಕು. ಖರ್ಚನ್ನು ಮಗಳೋ ಅಣ್ಣನೋ ಭರಿಸುವುದಾದರೆ ಅವರ ಪತ್ರ, ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ನಿಮ್ಮಿಬ್ಬರ ಸಂಬಂಧವನ್ನು ತೋರಿಸುವ ದಾಖಲೆ, ಈ ಮೂರೂ ಬೇಕು. ಹಿಂತಿರುಗುತ್ತೀರೆಂಬುದಕ್ಕೆ ಉದ್ಯೋಗದಾತರ ರಜೆ ಪತ್ರ, ಸ್ವಂತ ವ್ಯವಹಾರದ ನೋಂದಣಿ, ವಿದ್ಯಾರ್ಥಿಯಾದರೆ ಕಾಲೇಜಿನ ಪತ್ರ ಆಧಾರವಾಗುತ್ತವೆ. ನಿವೃತ್ತರು ಪಿಂಚಣಿ ದಾಖಲೆ ಕೊಡಬಹುದು. ಜೊತೆಗೆ ಒಂದು ಪುಟ ಮೀರದ ಕವರಿಂಗ್ ಲೆಟರ್ ಬರೆದು, ಯಾವ ದಿನ ಎಲ್ಲಿರುತ್ತೀರಿ, ಖರ್ಚು ಯಾರದು, ಯಾವಾಗ ಹಿಂತಿರುಗಿ ಕೆಲಸಕ್ಕೆ ಹಾಜರಾಗುತ್ತೀರಿ ಎಂಬುದನ್ನು ನೇರವಾಗಿ ಹೇಳಿ. ಆ ದೇಶದ ಸೌಂದರ್ಯದ ವರ್ಣನೆ ಅಲ್ಲಿ ಬೇಕಿಲ್ಲ.

ವೀಸಾ ಕೈಗೆ ಬರುವ ಮುನ್ನ, ರದ್ದು ಮಾಡಿದರೆ ಹಣ ಮರಳಿ ಬಾರದ ಟಿಕೆಟ್ ಕೊಳ್ಳಬಾರದು. ಹೋಟೆಲನ್ನೂ ಉಚಿತವಾಗಿ ರದ್ದುಮಾಡಬಹುದಾದ ಷರತ್ತಿನಲ್ಲೇ ಕಾಯ್ದಿರಿಸಬೇಕು, ಆದರೆ ತೀರ್ಮಾನ ಬರುವ ಮೊದಲೇ ರದ್ದುಮಾಡಬಾರದು. ಪರಿಶೀಲನೆಗೆಂದು ಹೋಟೆಲಿಗೆ ಕರೆ ಹೋದಾಗ ಅಂಥ ಹೆಸರೇ ಇಲ್ಲವೆಂಬ ಉತ್ತರ ಬಂದರೆ ಅರ್ಜಿಯ ಗತಿ ಊಹಿಸಬಹುದು. ಷೆಂಗೆನ್ ವೀಸಾಕ್ಕೆ ವೈದ್ಯಕೀಯ ಪ್ರಯಾಣ ವಿಮೆ ಕಡ್ಡಾಯ. ಅದರ ರಕ್ಷಣೆ ಕನಿಷ್ಠ 30,000 ಯೂರೋ ಇರಬೇಕು, ಷೆಂಗೆನ್ ದೇಶಗಳೆಲ್ಲಕ್ಕೂ ಅನ್ವಯಿಸಬೇಕು, ತಂಗುವ ಎಲ್ಲ ದಿನಗಳನ್ನೂ ಒಳಗೊಂಡಿರಬೇಕು. ಕೆಲವು ದೇಶಗಳಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವೂ ಬೇಕು. ಅದು ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಊರ್ಜಿತವಾಗುವುದರಿಂದ ಹೊರಡುವ ಹಿಂದಿನ ದಿನ ಚುಚ್ಚಿಸಿಕೊಂಡು ಪ್ರಯೋಜನವಿಲ್ಲ. ಮಕ್ಕಳು ತಂದೆ ತಾಯಿಯರಲ್ಲಿ ಒಬ್ಬರೊಡನೆ ಮಾತ್ರ ಹೊರಟಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ಸಿದ್ಧವಾಗಿಡಬೇಕು.

ಫೋಟೋ ಸಣ್ಣ ವಿಷಯವೆನಿಸಿದರೂ ಅದರಿಂದಲೇ ಅರ್ಜಿ ವಾಪಸಾಗುವುದುಂಟು. ಷೆಂಗೆನ್ ಅರ್ಜಿಗೆ 35×45 ಮಿಲಿಮೀಟರ್, ಅಮೆರಿಕಕ್ಕೆ 2×2 ಅಂಗುಲ. ಅಮೆರಿಕದ ಫೋಟೋದಲ್ಲಿ ಕನ್ನಡಕ ಇರಕೂಡದು ಎಂಬ ನಿಯಮ 2016ರ ನವೆಂಬರಿನಿಂದ ಜಾರಿಯಲ್ಲಿದೆ. ಮೊದಲ ಸಲ ಅರ್ಜಿ ಹಾಕುವವರು ಬೆರಳಚ್ಚು ಕೊಡಲು ಖುದ್ದಾಗಿ ಹೋಗಬೇಕು. ಷೆಂಗೆನ್ ವ್ಯವಸ್ಥೆಯಲ್ಲಿ ಒಮ್ಮೆ ಕೊಟ್ಟ ಬೆರಳಚ್ಚನ್ನು 59 ತಿಂಗಳ ತನಕ ಮತ್ತೆ ಬಳಸಿಕೊಳ್ಳಬಹುದು.

ಸಂದರ್ಶನವಿದ್ದರೆ ಅದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಅಮೆರಿಕದ ವಲಸೆ ಕಾನೂನಿನ 214(ಬಿ) ವಿಧಿಯ ಪ್ರಕಾರ, ಪ್ರವಾಸಿ ವೀಸಾ ಕೇಳುವವರನ್ನು ಅಲ್ಲಿಯೇ ನೆಲೆಸಲು ಬರುತ್ತಿರುವವರೆಂದೇ ಮೊದಲು ಭಾವಿಸಲಾಗುತ್ತದೆ. ಹಾಗಲ್ಲವೆಂದು ಮನಗಾಣಿಸುವ ಹೊಣೆ ಅರ್ಜಿದಾರರದ್ದು. ಅಧಿಕಾರಿ ಕಾಗದಗಳನ್ನು ಮುಟ್ಟದೆಯೇ ಮಾತಿನಿಂದ ತೀರ್ಮಾನಿಸಬಹುದು. ಆದುದರಿಂದ ಉತ್ತರಗಳು ಚಿಕ್ಕದಾಗಿ, ಫಾರಂನಲ್ಲಿ ಬರೆದದ್ದಕ್ಕೆ ಹೊಂದುವಂತೆ ಇರಬೇಕು. ಕೇಳಿದ್ದಕ್ಕಷ್ಟೇ ಉತ್ತರ ಸಾಕು. ಬಾಯಿಪಾಠ ಮಾಡಿದ ವಾಕ್ಯಗಳು ಕೇಳುವವರಿಗೆ ಥಟ್ಟನೆ ಗೊತ್ತಾಗುತ್ತವೆ.

ಅರ್ಜಿ ತಿರಸ್ಕೃತವಾದರೆ ಕೊಟ್ಟಿರುವ ಕಾರಣವನ್ನು ಓದಿ. ಷೆಂಗೆನ್ ದೇಶಗಳು ನಿಗದಿತ ನಮೂನೆಯಲ್ಲಿ ಕಾರಣವನ್ನು ಗುರುತು ಮಾಡಿ ಕೊಡುತ್ತವೆ, ಮೇಲ್ಮನವಿಗೂ ಅವಕಾಶವಿದೆ. ಅಮೆರಿಕದ 214(ಬಿ) ನಿರಾಕರಣೆಗೆ ಮೇಲ್ಮನವಿಯಿಲ್ಲ, ಹೊಸ ಅರ್ಜಿಯನ್ನೇ ಹಾಕಬೇಕು. ಏನೂ ಬದಲಾಗದೆ, ಅದೇ ಕಾಗದಗಳೊಂದಿಗೆ ಮರುವಾರವೇ ಮತ್ತೆ ಶುಲ್ಕ ಕಟ್ಟುವುದರಲ್ಲಿ ಅರ್ಥವಿಲ್ಲ.

ವೀಸಾ ಬಂದಾಗ ಸಂತೋಷದಲ್ಲಿ ಪಾಸ್‌ಪೋರ್ಟನ್ನು ಮುಚ್ಚಿಡದೆ, ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕಗಳನ್ನು ಅಲ್ಲಿಯೇ ಪರಿಶೀಲಿಸಬೇಕು. ವೀಸಾದ ಊರ್ಜಿತ ಅವಧಿಯೇ ಬೇರೆ, ತಂಗಬಹುದಾದ ದಿನಗಳೇ ಬೇರೆ. ಜೂನ್ 1ರಿಂದ ಜುಲೈ 15ರವರೆಗೆ ಎಂದಿದ್ದು, ವಾಸ್ತವ್ಯ 15 ದಿನ ಎಂದಿದ್ದರೆ, ಆ ಅವಧಿಯೊಳಗೆ ಯಾವಾಗಲಾದರೂ ಹೋಗಬಹುದು, ಆದರೆ ಒಟ್ಟು 15 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಎಷ್ಟು ಬಾರಿ ಪ್ರವೇಶಿಸಬಹುದೆಂಬುದನ್ನೂ ನೋಡಬೇಕು. ಒಂದೇ ಪ್ರವೇಶದ ಷೆಂಗೆನ್ ವೀಸಾದಲ್ಲಿ ಪ್ಯಾರಿಸ್ಸಿಗೆ ಹೋಗಿ, ಅಲ್ಲಿಂದ ಲಂಡನ್ನಿಗೆ ದಾಟಿದವರು ಮತ್ತೆ ಪ್ಯಾರಿಸ್ಸಿಗೆ ಬರಲಾಗದು. ಹಲವು ಪ್ರವೇಶದ ಷೆಂಗೆನ್ ವೀಸಾ ಇದ್ದವರಿಗೆ 180 ದಿನಗಳಲ್ಲಿ 90 ದಿನ ಎಂಬ ಲೆಕ್ಕ ಅನ್ವಯಿಸುತ್ತದೆ. ಒಳಬಂದ ದಿನ, ಹೊರಟ ದಿನ ಎರಡೂ ಇದರಲ್ಲಿ ಸೇರುತ್ತವೆ. ಜನವರಿ 1ರಿಂದ ಮಾರ್ಚ್ 1ರವರೆಗೆ 60 ದಿನ ಇದ್ದು ಬಂದವರು ಮೇ 1ರಂದು ಮತ್ತೆ ಹೋದರೆ ಅವರಿಗೆ ಉಳಿದಿರುವುದು 30 ದಿನ, ಅಂದರೆ ಮೇ 30ರೊಳಗೆ ಹೊರಬೀಳಬೇಕು. 2025ರ ಅಕ್ಟೋಬರ್ 12ರಿಂದ ಅಲ್ಲಿ ಮುದ್ರೆಯ ಬದಲು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿರುವುದರಿಂದ ಒಂದು ದಿನ ಹೆಚ್ಚಾದರೂ ಅದು ತಾನಾಗಿ ಕಾಣಿಸುತ್ತದೆ. ಅಮೆರಿಕದಲ್ಲಿ ಎಷ್ಟು ದಿನ ಇರಬಹುದೆಂಬುದನ್ನು ಹೇಳುವುದು ವೀಸಾ ಅಲ್ಲ, ಪ್ರವೇಶದ ಸಮಯದಲ್ಲಿ ಐ-94 ದಾಖಲೆಯಲ್ಲಿ ನಮೂದಾಗುವ ದಿನಾಂಕ.

ಗಡಿಯಲ್ಲಿರುವ ವಲಸೆ ಅಧಿಕಾರಿ ಇದೇ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಬಹುದು, ಉತ್ತರ ಒಪ್ಪಿಗೆಯಾಗದಿದ್ದರೆ ವೀಸಾ ಇದ್ದರೂ ಹಿಂದಕ್ಕೆ ಕಳುಹಿಸಬಹುದು. ಆದ್ದರಿಂದ ಹಿಂದಿರುಗುವ ಟಿಕೆಟ್, ಹೋಟೆಲ್ ರಸೀದಿ, ವಿಮೆ ಮತ್ತು ಅರ್ಜಿಯ ಪ್ರತಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವಿಮಾನದ ಹೊಟ್ಟೆಯೊಳಗಿನ ಸೂಟ್‌ಕೇಸು ನಿಮ್ಮ ಕೈಗೆ ಸಿಗುವುದು ಆ ಅಧಿಕಾರಿಯನ್ನು ದಾಟಿದ ಮೇಲೆಯೇ.