ಮಳೆಗಾಲ ಕಳೆದು ಮನೆಯ ಕಂಪ್ಯೂಟರ್ ಮತ್ತೆ ಆನ್ ಮಾಡುವಾಗ

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕೊಡಗಿನ ತೋಟದ ಮನೆಗಳಲ್ಲಿ ಎಷ್ಟೋ ಸಲ ಕರೆಂಟೂ ಇರುವುದಿಲ್ಲ, ನೆಟ್ಟೂ ಇರುವುದಿಲ್ಲ. ಪ್ಲಗ್ ಕಿತ್ತು ಬಟ್ಟೆ ಹೊದಿಸಿಟ್ಟ ಕಂಪ್ಯೂಟರ್ ಮತ್ತೆ ಶುರುವಾಗುವುದು ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತಾ ಅಪ್‌ಡೇಟ್ ಬಿಡುತ್ತದೆ. ಅಷ್ಟರಲ್ಲಿ ಎರಡು ಮೂರು ಕಂತು ತಪ್ಪಿರುತ್ತವೆ. ಯಾವ ಲೋಪ ಮುಚ್ಚಿದ್ದಾರೆ ಎಂಬುದು ಅಪ್‌ಡೇಟ್ ಬಂದ ದಿನವೇ ಕಳ್ಳರಿಗೂ ಗೊತ್ತಾಗುತ್ತದೆ. 2017ರ ಮೇ 12ರಂದು ಹರಡಿದ, ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ವಾನ್ನಾಕ್ರೈ ಎಂಬ ರಾನ್ಸಮ್‌ವೇರ್‌ಗೆ ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್ 14ರಂದೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಹಾಗಾಗಿ ಮೊದಲ ದಿನ ಮೇಲ್, ಬ್ಯಾಂಕ್ ಯಾವುದನ್ನೂ ತೆರೆಯಬೇಡಿ. ಇನ್ವರ್ಟರ್ ಬ್ಯಾಟರಿ ತುಂಬಿರುವಾಗ ಕುಳಿತುಕೊಳ್ಳಿ, ಏಕೆಂದರೆ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ವಿಂಡೋಸ್ ಮತ್ತೆ ಏಳದೇ ಹೋಗಬಹುದು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅಲ್ಲಿ ಚೆಕ್ ಫಾರ್ ಅಪ್‌ಡೇಟ್ಸ್ ಒತ್ತಿ. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ ಮತ್ತೆ ಒತ್ತಿ. ಬಾಕಿ ಏನೂ ಇಲ್ಲ ಎಂದು ತೋರಿಸುವವರೆಗೆ ಬಿಡಬೇಡಿ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಆ ಸಂಪರ್ಕಕ್ಕೆ ಮೀಟರ್ಡ್ ಎಂಬ ಗುರುತು ಆನ್ ಆಗಿದೆಯೇ ನೋಡಿ, ಆನ್ ಇದ್ದರೆ ಹೆಚ್ಚಿನ ಅಪ್‌ಡೇಟ್‌ಗಳು ತಾವಾಗಿ ಇಳಿಯುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ಇರುವ ಹಳೆಯ ಕಂಪ್ಯೂಟರನ್ನು ಬ್ಯಾಂಕ್ ಕೆಲಸಕ್ಕೆ ಬಳಸದಿರುವುದೇ ಕ್ಷೇಮ.

ಮುಂದಿನದು ಲಾಗಿನ್. ಬಹುತೇಕ ಮನೆಗಳಲ್ಲಿ ಎಲ್ಲರೂ ಒಂದೇ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಕೆಲಸ ಮಾಡುತ್ತಾರೆ. ಮಕ್ಕಳು ಗೇಮ್ ಎಂದು ಇಳಿಸಿಕೊಂಡದ್ದಕ್ಕೂ ಆಗ ಇಡೀ ಯಂತ್ರದ ಹಿಡಿತ ಸಿಗುತ್ತದೆ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ ದಿನದ ಬಳಕೆಗೆ ಸ್ಟ್ಯಾಂಡರ್ಡ್ ಖಾತೆಯೊಂದನ್ನು ಮಾಡಿ. ಅಡ್ಮಿನ್ ಪಾಸ್‌ವರ್ಡ್ ಮನೆಯ ಹಿರಿಯರೊಬ್ಬರ ಬಳಿ ಇರಲಿ. ಜೊತೆಗೆ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿ. ಅದು ಆಫ್ ಇದ್ದರೆ ‘ಕಾಫಿ ರೇಟ್ ಡಾಟ್ ಪಿಡಿಎಫ್’ ಎಂದಷ್ಟೇ ಕಾಣುವ ಫೈಲಿನ ಪೂರ್ತಿ ಹೆಸರು ‘ಕಾಫಿ ರೇಟ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಆಗಿರಬಹುದು. ಇಎಕ್ಸ್‌ಇ ಎಂದರೆ ಓದುವ ಕಾಗದವಲ್ಲ, ಓಡುವ ಪ್ರೋಗ್ರಾಂ.

ಮಿಂಚಿಗೆ ರೂಟರ್ ಸುಟ್ಟು ಹೊಸದು ಬಂದಿದ್ದರೆ ಇನ್ನೊಂದು ಕೆಲಸವಿದೆ. ಹಳೆಯದಕ್ಕೆ ನೀವು ಹಾಕಿದ್ದ ಪಾಸ್‌ವರ್ಡ್ ಅದರೊಂದಿಗೇ ಹೋಯಿತು. ಹೊಸದು ಬರುವುದು ಕಂಪನಿಯ ಪಾಸ್‌ವರ್ಡ್‌ನೊಂದಿಗೆ. ರೂಟರ್ ತಳದ ಚೀಟಿಯಲ್ಲಿರುವ ವಿಳಾಸ (ಸಾಮಾನ್ಯವಾಗಿ 192.168.1.1) ಬ್ರೌಸರ್‌ನಲ್ಲಿ ತೆರೆದು ಅಡ್ಮಿನ್ ಪಾಸ್‌ವರ್ಡ್, ವೈಫೈ ಪಾಸ್‌ವರ್ಡ್ ಎರಡನ್ನೂ ಬದಲಿಸಿ. ವೈಫೈ ಭದ್ರತೆಯ ಬಗೆಯಾಗಿ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆರಿಸಿ, ಡಬ್ಲ್ಯೂಪಿಎಸ್ (ಗುಂಡಿ ಒತ್ತಿ ಅಥವಾ ಪಿನ್ ಹಾಕಿ ವೈಫೈ ಸೇರುವ ಸೌಲಭ್ಯ) ಮತ್ತು ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೂಟರ್ ಸೆಟ್ಟಿಂಗ್ ಬದಲಿಸುವ ಸೌಲಭ್ಯ) ಆಫ್ ಮಾಡಿ. ಹೋಂಸ್ಟೇ ನಡೆಸುವವರು ಮನೆಯ ವೈಫೈ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಬಾರದು. ಅತಿಥಿಗಳಿಗೆ ಗೆಸ್ಟ್ ನೆಟ್‌ವರ್ಕ್ ಕೊಡಿ. ಅವರ ಲ್ಯಾಪ್‌ಟಾಪಿನಲ್ಲಿ ವೈರಸ್ ಇದ್ದರೂ ನಿಮ್ಮ ಲೆಕ್ಕದ ಕಂಪ್ಯೂಟರನ್ನು ಮುಟ್ಟುವುದು ಕಷ್ಟ.

ಎಲ್ಲ ಸರಿಯಿದ್ದರೂ ಮಾತಿಗೆ ಮರುಳಾಗಿ ನಾವೇ ಒಳಗೆ ಬಿಟ್ಟುಕೊಳ್ಳುವುದುಂಟು. ‘ಆರ್ಮಿ ಆಫೀಸರ್, ಕುಟುಂಬದ ಜೊತೆ ಬರುತ್ತೇವೆ, ಅಡ್ವಾನ್ಸ್ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎಂಬ ಮೋಸ ದೇಶದೆಲ್ಲೆಡೆ ಇದೆ. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ಸೇನೆಯ ಹೆಸರು ಕೇಳಿದ ಮೇಲೆ ಅನುಮಾನಿಸಲು ಮನಸ್ಸೇ ಬಾರದು, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು: ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಡವೇ ಬೇಡ. ಪಿನ್ ಕೇಳಿತೆಂದರೆ ಹಣ ಹೋಗುತ್ತಿರುವುದು ನಿಮ್ಮ ಖಾತೆಯಿಂದ. ಫೋನಿನಲ್ಲಿ ಯಾರೋ ಹೇಳಿದರೆಂದು ಎನಿಡೆಸ್ಕ್‌ನಂಥ ಆ್ಯಪ್ ಹಾಕಿ ಅದರ ನಂಬರ್ ಓದಿ ಹೇಳುವುದೂ ಅಷ್ಟೇ ಅಪಾಯ, ನಿಮ್ಮ ಮೌಸ್ ಅವರ ಕೈಗೆ ಹೋಗುತ್ತದೆ. ಆಗಲೇ ಹೇಳಿಬಿಟ್ಟಿದ್ದರೆ ರೂಟರ್ ಆಫ್ ಮಾಡಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಕರೆ ಮಾಡಿ. ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ, ಇದೇ ಕಂಪ್ಯೂಟರಿನಿಂದಲ್ಲ.

ಇನ್ನು ಬ್ಯಾಕಪ್. ಜಮ್ಮಾ ಜಮೀನಿನ ಕಾಗದಗಳ ಸ್ಕ್ಯಾನ್, ಕೂಲಿ ಲೆಕ್ಕ, ಮದುವೆ ಫೋಟೋಗಳನ್ನು ತಿಂಗಳಿಗೊಮ್ಮೆ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಕೂಡಲೇ ಕೇಬಲ್ ತೆಗೆಯಿರಿ. ಚುಚ್ಚಿಯೇ ಬಿಟ್ಟರೆ ರಾನ್ಸಮ್‌ವೇರ್ ಅದನ್ನೂ ಲಾಕ್ ಮಾಡುತ್ತದೆ, ಮಿಂಚು ಬಡಿದರೆ ಎರಡೂ ಒಟ್ಟಿಗೆ ಸುಡುತ್ತವೆ. ನಮ್ಮ ಥಂಡಿಗೆ ಡಿಸ್ಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಒಳಗಿಡುವ ಮುನ್ನ ಕಾಪಿ ಮಾಡಿದ್ದರಲ್ಲಿ ಎರಡು ಮೂರು ಫೈಲನ್ನು ಡಿಸ್ಕಿನಿಂದಲೇ ತೆರೆದು ನೋಡಿ.